ಎನ್‌ಡಿಎಂ-1 ಕಿಣ್ವದ ರಚನೆ: ಪರೀಕ್ಷೆಗೆ ಮುಖ್ಯಾಂಶಗಳು

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಕೊಣ್ಣೂರು ನಮ್ಮೂರು. ಮಲಪ್ರಭೆಯ ದಂಡೆ, ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ, ರಸ್ತೆ ಬದಿಯ ಪೇರಲ ಬುಟ್ಟಿ ಎಂದರೆ ಗುರುತು ಹತ್ತುತ್ತದೆ. ಇಲ್ಲಿಂದ ಹೋಗಿ ಧಾರವಾಡ, ಹುಬ್ಬಳ್ಳಿಯಲ್ಲಿ ಜೀವವಿಜ್ಞಾನ ಓದುವ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಕೇಳುವುದು ಒಂದೇ ಮಾತು: “ಸರ, ಇಂಪಾರ್ಟಂಟ್ ಪಾಯಿಂಟ್ ಅಷ್ಟ ಕೊಡ್ರಿ.” ಕೊಡುತ್ತಿದ್ದೇನೆ. ಆದರೆ ಈ ಒಂದು ಪಾಠಕ್ಕೆ ಬಾಯಿಪಾಠ ಬೇಡ. ಎನ್‌ಡಿಎಂ-1 ಎಂಬ ಕಿಣ್ವದ ಆಕಾರ ಒಮ್ಮೆ ಕಣ್ಣಿಗೆ ಕಟ್ಟಿತೆಂದರೆ ಅದು ಯಾವ ಔಷಧವನ್ನು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ, ಪ್ರಯೋಗಾಲಯದಲ್ಲಿ ಹೇಗೆ ಸಿಕ್ಕಿಬೀಳುತ್ತದೆ ಎಂಬುದೆಲ್ಲ ಆ ಆಕಾರದಿಂದಲೇ ಹೊರಡುತ್ತದೆ. ಕೆಸೆಟ್, ನೆಟ್ ಬರೆಯುವವರು ಪೂರ್ತಿ ಓದಿ. ಕೆಎಎಸ್ ಬರೆಯುವವರಿಗೆ ಹೆಸರಿನ ಕಥೆ ಮತ್ತು ಕೊನೆಯ ಕಡೆಯ ಕಾನೂನಿನ ಭಾಗ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬುಡದಿಂದ ಎರಡು ಮಾತು

ಪೆನಿಸಿಲಿನ್, ಸೆಫಲೊಸ್ಪೊರಿನ್, ಕಾರ್ಬಪೆನೆಂ, ಮೊನೊಬ್ಯಾಕ್ಟಮ್ ಈ ನಾಲ್ಕೂ ಬೀಟಾ-ಲ್ಯಾಕ್ಟಮ್ ಕುಟುಂಬದ ಔಷಧಗಳು. ನಾಲ್ಕರಲ್ಲೂ ನಾಲ್ಕು ಪರಮಾಣುಗಳ ಒಂದು ಚಿಕ್ಕ ಉಂಗುರವಿದೆ: ಮೂರು ಇಂಗಾಲ, ಒಂದು ಸಾರಜನಕ. ಬಲವಂತವಾಗಿ ಬಗ್ಗಿಸಿ ಕಟ್ಟಿದ ಬಿಲ್ಲಿನ ಹಾಗೆ ಈ ಉಂಗುರ ಸದಾ ಬಿಗಿದುಕೊಂಡಿರುತ್ತದೆ. ಔಷಧದ ಶಕ್ತಿಯೆಲ್ಲ ಈ ಬಿಗಿಯಲ್ಲೇ ಇದೆ.

ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿಯ ಎಳೆಗಳನ್ನು ಹೆಣೆಯಲು ಒಂದು ಗುಂಪಿನ ಕಿಣ್ವಗಳನ್ನು ಬಳಸುತ್ತದೆ. ಅವಕ್ಕೆ ಪೆನಿಸಿಲಿನ್ ಬಂಧಕ ಪ್ರೋಟೀನುಗಳು ಎಂದು ಹೆಸರು. ಔಷಧದ ಉಂಗುರ ಭಿತ್ತಿಯ ಕಚ್ಚಾ ಎಳೆಯ ತುದಿಯಂತೆ, ಅಂದರೆ ಡಿ-ಅಲನಿನ್–ಡಿ-ಅಲನಿನ್ ಜೋಡಿಯಂತೆ ಕಾಣುತ್ತದೆ. ಹೆಣೆಯುವ ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ, ಉಂಗುರ ಬಿಚ್ಚಿಕೊಂಡು ಕಿಣ್ವದ ಸೆರಿನ್‌ಗೆ ಅಂಟಿ ಕೂರುತ್ತದೆ. ಹೆಣಿಗೆ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಒಡೆಯುತ್ತದೆ.

ಬ್ಯಾಕ್ಟೀರಿಯಾದ ಎದುರುಬಾಣವೇ ಬೀಟಾ-ಲ್ಯಾಕ್ಟಮೇಸ್. ಉಂಗುರವು ಗುರಿ ಮುಟ್ಟುವ ಮೊದಲೇ ನೀರಿನ ಅಣು ಸೇರಿಸಿ ಅದನ್ನು ಸೀಳುವ ಕಿಣ್ವ ಇದು. ಇದನ್ನು ಮೊದಲು ವರದಿ ಮಾಡಿದವರು ಅಬ್ರಹಾಂ ಮತ್ತು ಚೈನ್, 1940ರಲ್ಲಿ. ಇಸವಿಯನ್ನು ಗಮನಿಸಿ. ಪೆನಿಸಿಲಿನ್‌ನಿಂದ ಸೋಂಕಿನ ರೋಗಿಗೆ ಚಿಕಿತ್ಸೆ ಶುರುವಾದದ್ದು 1941ರ ಫೆಬ್ರುವರಿಯಲ್ಲಿ. ಔಷಧ ಆಸ್ಪತ್ರೆ ಸೇರುವ ಮೊದಲೇ ಅದನ್ನು ಮುರಿಯುವ ಕಿಣ್ವ ಪತ್ತೆಯಾಗಿತ್ತು. ಹೇಳಿಕೆ–ಸಮರ್ಥನೆ ಮಾದರಿಯ ಪ್ರಶ್ನೆಗೆ ಇದು ಹೇಳಿ ಮಾಡಿಸಿದಂತಿದೆ.

ಆಂಬ್ಲರ್ ವರ್ಗೀಕರಣ, 1980: ಎ, ಬಿ, ಸಿ, ಡಿ. ಎ, ಸಿ, ಡಿ ಮೂರೂ ಸೆರಿನ್ ಕಿಣ್ವಗಳು. ಬಿ ಒಂದೇ ಲೋಹದ ಕಿಣ್ವ, ಲೋಹ ಸತು. ಎ ವರ್ಗಕ್ಕೆ ಟಿಇಎಂ, ಕೆಪಿಸಿ. ಸಿ ವರ್ಗಕ್ಕೆ ಆ್ಯಂಪ್‌ಸಿ. ಡಿ ವರ್ಗಕ್ಕೆ ಆಕ್ಸಾ-48. ಬಿ ವರ್ಗಕ್ಕೆ ಐಎಂಪಿ, ವಿಐಎಂ, ಎನ್‌ಡಿಎಂ. ಬಿ ಒಳಗೂ ಮೂರು ಪಂಗಡಗಳಿವೆ. ಎನ್‌ಡಿಎಂ ಬಿ1ಕ್ಕೆ ಸೇರಿದ್ದು. ಬಿ2 ಒಂದೇ ಸತುವಿನಿಂದ ಕೆಲಸ ಮಾಡುತ್ತದೆ ಎಂಬುದನ್ನೂ ಬದಿಯಲ್ಲಿ ಬರೆದುಕೊಳ್ಳಿ.

ಹೆಸರಿನ ಕಥೆ

ಪೂರ್ಣ ಹೆಸರು ನ್ಯೂಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್-1. ಭಾರತದಲ್ಲಿ ಆಸ್ಪತ್ರೆ ಸೇರಿದ್ದ, ಭಾರತೀಯ ಮೂಲದ ಸ್ವೀಡನ್ ನಿವಾಸಿಯೊಬ್ಬರ ಮೂತ್ರದಿಂದ 2008ರಲ್ಲಿ ಬೆಳೆಸಿದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ತಳಿಯಲ್ಲಿ ಇದು ಸಿಕ್ಕಿತು. ವೈಜ್ಞಾನಿಕ ವರದಿ ಬಂದದ್ದು 2009ರಲ್ಲಿ.

2010ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂತು. ಅದರ ಮೊದಲ ಲೇಖಕರು ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು. ಚೆನ್ನೈ, ಹರಿಯಾಣ, ಬ್ರಿಟನ್ ಹಾಗೂ ಭಾರತ–ಪಾಕಿಸ್ತಾನಗಳ ಬೇರೆ ಊರುಗಳಿಂದ ಒಟ್ಟು 180 ತಳಿಗಳಲ್ಲಿ ಈ ಕಿಣ್ವ ಇರುವುದನ್ನು ಅದು ತೋರಿಸಿತು. ರಾಜಧಾನಿಯ ಹೆಸರನ್ನು ರೋಗಾಣುವಿನ ಕಿಣ್ವಕ್ಕೆ ಅಂಟಿಸಿದ್ದಕ್ಕೆ ಭಾರತ ಸರ್ಕಾರ ಗಟ್ಟಿಯಾಗಿ ಆಕ್ಷೇಪಿಸಿತು. ಲ್ಯಾನ್ಸೆಟ್ ಸಂಪಾದಕ ರಿಚರ್ಡ್ ಹಾರ್ಟನ್ 2011ರ ಜನವರಿಯಲ್ಲಿ ಈ ಹೆಸರಿಗಾಗಿ ವಿಷಾದ ವ್ಯಕ್ತಪಡಿಸಿದರು. ಹೆಸರು ಮಾತ್ರ ಉಳಿದುಕೊಂಡಿತು. ಹೊಸ ಮಾನವ ರೋಗಗಳಿಗೆ ಊರು, ದೇಶದ ಹೆಸರು ಇಡಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬಂದದ್ದು 2015ರ ಮೇ ತಿಂಗಳಲ್ಲಿ.

ಆಕ್ಷೇಪ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಆದರೆ ಹೆಸರಿನ ಗದ್ದಲದಲ್ಲಿ ಕಿಣ್ವದ ಮಾತು ಹಿಂದೆ ಸರಿಯಿತು. ಪರೀಕ್ಷೆಯಲ್ಲೂ ಮಕ್ಕಳು ವಿವಾದವನ್ನು ಒಂದು ಪುಟ ಬರೆದು ರಚನೆಯನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದನ್ನು ತಿರುಗುಮುರುಗು ಮಾಡಿ.

ರಚನೆ: ಎರಡು ಕೈಗಳಲ್ಲಿ

ಎನ್‌ಡಿಎಂ-1 ಸರಪಳಿಯ ಉದ್ದ 270 ಅಮೈನೊ ಆಮ್ಲಗಳು. ಅದರ ಸ್ಫಟಿಕ ರಚನೆಗಳು 2011ರಲ್ಲಿ ಹಲವು ಗುಂಪುಗಳಿಂದ ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಝಾಂಗ್ ಮತ್ತು ಹಾವೊ ಬಿಡಿಸಿದ ರಚನೆಯನ್ನು ನೆನಪಿಡಿ. ಸೀಳಿಹೋದ ಆ್ಯಂಪಿಸಿಲಿನ್ ಇನ್ನೂ ಕಿಣ್ವದೊಳಗೇ ಕುಳಿತಿರುವಾಗ ತೆಗೆದ ಚಿತ್ರ ಅದು, 1.3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ. ಕಳ್ಳ, ಕದ್ದ ಮಾಲು ಎರಡೂ ಒಂದೇ ಫೋಟೊದಲ್ಲಿ ಸಿಕ್ಕಿದಂತೆ.

ಮಡಿಕೆಯ ಹೆಸರು ಆಲ್ಫಾ-ಬೀಟಾ-ಬೀಟಾ-ಆಲ್ಫಾ. ಇದನ್ನು ಹೇಳಿಕೊಡಲು ನಾನು ಹಲಗೆ ಬಳಸುವುದಿಲ್ಲ, ಕೈ ಬಳಸುತ್ತೇನೆ. ನೀವೂ ಪುಸ್ತಕ ಕೆಳಗಿಟ್ಟು ಮಾಡಿ. ನಮಸ್ಕಾರ ಮಾಡುವಂತೆ ಎರಡೂ ಅಂಗೈ ಎದುರುಬದುರು ತನ್ನಿ, ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ. ಎದುರಾದ ಎರಡು ಅಂಗೈಗಳು ಎರಡು ಬೀಟಾ ಹಾಳೆಗಳು. ಎರಡೂ ಅಂಗೈಗಳ ಹೊರಬದಿಯ ಮೇಲೆ ಆಲ್ಫಾ ಸುರುಳಿಗಳು. ಹೊರಗೆ ಸುರುಳಿ, ಒಳಗೆ ಹಾಳೆ, ಹಾಳೆ, ಮತ್ತೆ ಸುರುಳಿ. ಎಡಗೈ ಸರಪಳಿಯ ಮೊದಲರ್ಧ, ಬಲಗೈ ಕೊನೆಯರ್ಧ.

ಈಗ ಹೆಬ್ಬೆರಳಿನ ಕಡೆಯಿಂದ ಕೈಗಳ ನಡುವೆ ಇಣುಕಿ ನೋಡಿ. ಎರಡು ಕೈ ಕೂಡುವ ಅಂಚಿನಲ್ಲಿ ಒಂದು ಕೊರಕಲು ಕಾಣುತ್ತದೆ. ಸಕ್ರಿಯ ತಾಣ ಅದೇ. ಅದು ಆಳವಾದ ಬಾವಿಯಲ್ಲ, ಅಗಲವಾದ, ಮೇಲು ಮೇಲಿನ ಹೊಂಡ. ಹೀಗಾಗಿಯೇ ಪೆನಿಸಿಲಿನ್‌ನಂಥ ಚಿಕ್ಕ ಅಣುವೂ ಅಲ್ಲಿ ಹಿಡಿಸುತ್ತದೆ, ದೊಡ್ಡ ಬಾಲದ ಸೆಫಲೊಸ್ಪೊರಿನ್ನೂ ಹಿಡಿಸುತ್ತದೆ, ಮೆರೊಪೆನೆಂ ಕೂಡ ಹಿಡಿಸುತ್ತದೆ.

ಎರಡು ಹೆಬ್ಬೆರಳುಗಳನ್ನು ಕೊರಕಲಿನ ಮೇಲೆ ಸಡಿಲವಾಗಿ ಬಾಗಿಸಿ. ಎಡ ಹೆಬ್ಬೆರಳು ಎಲ್3 ಕುಣಿಕೆ, ಸುಮಾರು 65ರಿಂದ 73ನೇ ಅಮೈನೊ ಆಮ್ಲದವರೆಗೆ. ಬಲ ಹೆಬ್ಬೆರಳು ಎಲ್10 ಕುಣಿಕೆ, ಸುಮಾರು 210ರಿಂದ 228. ಎಲ್3 ನೀರೊಲ್ಲದ ಅಮೈನೊ ಆಮ್ಲಗಳಿಂದ ಕೂಡಿದ್ದು ಬಹಳ ಅಲುಗಾಡುತ್ತದೆ. ಔಷಧ ಒಳಗೆ ಬಂದಾಗ ಮೇಲಿನಿಂದ ಒತ್ತಿ ಹಿಡಿಯುತ್ತದೆ, ಕೆಲಸ ಮುಗಿದಾಗ ಬಿಡುತ್ತದೆ. ಎಲ್10 ಮೇಲೆ ಎರಡು ಹೆಸರುಗಳಿವೆ: ಲೈಸಿನ್ 211 ಮತ್ತು ಆಸ್ಪರಜಿನ್ 220. ಲೈಸಿನ್‌ನ ಧನ ಆವೇಶ ಔಷಧದ ಕಾರ್ಬಾಕ್ಸಿಲೇಟ್ ಗುಂಪನ್ನು ಹಿಡಿದು ನಿಲ್ಲಿಸುತ್ತದೆ. ಆಸ್ಪರಜಿನ್ ಉಂಗುರದ ಆಮ್ಲಜನಕಕ್ಕೆ ಆಸರೆ ಕೊಡುತ್ತದೆ.

ಪರೀಕ್ಷಾ ಕೊಠಡಿಯಲ್ಲಿ ಮರೆತುಹೋದರೆ ಡೆಸ್ಕಿನ ಕೆಳಗೆ ಕೈ ಜೋಡಿಸಿ ನೋಡಿಕೊಳ್ಳಿ. ನಿಮ್ಮ ಕೈ ನೋಡಿಕೊಂಡರೆ ಅದನ್ನು ನಕಲು ಎಂದು ಯಾರೂ ಹಿಡಿಯುವುದಿಲ್ಲ.

ಎರಡು ಸತು, ಆರು ಹಿಡಿ

ಕೊರಕಲಿನ ತಳದಲ್ಲಿ ಎರಡು ಸತು ಅಯಾನುಗಳಿವೆ. ಒಂದೊಂದನ್ನು ಮೂರು ಮೂರು ಅಮೈನೊ ಆಮ್ಲಗಳು ಹಿಡಿದಿವೆ.

ಸತು 1: ಹಿಸ್ಟಿಡಿನ್ 120, ಹಿಸ್ಟಿಡಿನ್ 122, ಹಿಸ್ಟಿಡಿನ್ 189.
ಸತು 2: ಆಸ್ಪಾರ್ಟಿಕ್ ಆಮ್ಲ 124, ಸಿಸ್ಟೀನ್ 208, ಹಿಸ್ಟಿಡಿನ್ 250.

ಮೊದಲ ಸತುವಿಗೆ ಮೂರೂ ಹಿಸ್ಟಿಡಿನ್. ಎರಡನೆಯದಕ್ಕೆ ಮೂರೂ ಬೇರೆ ಬೇರೆ. 120, 122, 124 ಸಾಲಾಗಿ ಬರುವುದರಿಂದ ಇದಕ್ಕೆ ಹಿಸ್ಟಿಡಿನ್–ಯಾವುದೋ ಒಂದು–ಹಿಸ್ಟಿಡಿನ್–ಯಾವುದೋ ಒಂದು–ಆಸ್ಪಾರ್ಟಿಕ್ ಎಂಬ ಗುರುತಿನ ಸಾಲು ಎನ್ನುತ್ತಾರೆ. ಲೋಹ ಬೀಟಾ-ಲ್ಯಾಕ್ಟಮೇಸ್‌ಗಳ ಮನೆತನದ ಅಡ್ಡಹೆಸರು ಅದು. ಎರಡು ಸತುಗಳ ನಡುವೆ ಸೇತುವೆಯಂತೆ ಒಂದು ಹೈಡ್ರಾಕ್ಸೈಡ್ ಇದೆ. ನೀರಿನ ಅಣು ಎರಡು ಸತುಗಳ ನಡುವೆ ಸಿಕ್ಕಿ ಒಂದು ಪ್ರೋಟಾನು ಕಳೆದುಕೊಂಡು ಹೀಗಾಗಿದೆ. ಕತ್ತರಿಯ ಅಲಗು ಅದೇ.

ಇಲ್ಲಿ ಒಂದು ಬಲೆ ಇದೆ, ಬುದ್ಧಿವಂತ ಮಕ್ಕಳೇ ಅದರಲ್ಲಿ ಬೀಳುತ್ತಾರೆ. ಕೆಲವು ಪುಸ್ತಕಗಳು ಬೇರೆ ಸಂಖ್ಯೆ ಕೊಡುತ್ತವೆ: ಸತು 1ಕ್ಕೆ 116, 118, 196, ಸತು 2ಕ್ಕೆ 120, 221, 263. ಎರಡೂ ಸರಿ. ಮೊದಲು ಕೊಟ್ಟದ್ದು ಎನ್‌ಡಿಎಂ-1ರ ಸ್ವಂತ ಎಣಿಕೆ. ಎರಡನೆಯದು ಎಲ್ಲ ಬಿ ವರ್ಗದ ಕಿಣ್ವಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಮಾಡಿಕೊಂಡ ಸಾಮಾನ್ಯ ಎಣಿಕೆ, ಬಿಬಿಎಲ್ ಎಣಿಕೆ. ತೊಂದರೆ ಬರುವುದು 120ರಲ್ಲಿ. ಸ್ವಂತ ಎಣಿಕೆಯಲ್ಲಿ 120 ಎಂದರೆ ಹಿಸ್ಟಿಡಿನ್, ಸಾಮಾನ್ಯ ಎಣಿಕೆಯಲ್ಲಿ 120 ಎಂದರೆ ಆಸ್ಪಾರ್ಟಿಕ್. ಉತ್ತರದ ಮೊದಲ ಸಾಲಿನಲ್ಲೇ ಯಾವ ಎಣಿಕೆ ಬಳಸುತ್ತಿದ್ದೀರಿ ಎಂದು ಬರೆದುಬಿಡಿ.

ಕತ್ತರಿಸುವ ಬಗೆ

ಸೆರಿನ್ ಕಿಣ್ವದ ಕೆಲಸ ಎರಡು ಹಂತದ್ದು. ಎ ವರ್ಗದಲ್ಲಿ ಸೆರಿನ್ 70 ಉಂಗುರದ ಮೇಲೆ ಬಿದ್ದು ತಾನೇ ಔಷಧಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಗ್ಲುಟಾಮಿಕ್ ಆಮ್ಲ 166 ಹುರಿದುಂಬಿಸಿದ ನೀರಿನ ಅಣು ಬಂದು ಅದನ್ನು ಬಿಡಿಸುತ್ತದೆ. ಕಾರ್ಬಪೆನೆಂ ಈ ಎರಡನೇ ಹಂತಕ್ಕೆ ಕೈ ಹಾಕುತ್ತದೆ. ಅದರ ಹೈಡ್ರಾಕ್ಸಿಈಥೈಲ್ ಬಾಲ ನೀರಿನ ದಾರಿಗೆ ಅಡ್ಡ ಬರುವುದರಿಂದ ಸಾಮಾನ್ಯ ಸೆರಿನ್ ಕಿಣ್ವ ಔಷಧಕ್ಕೆ ಅಂಟಿಕೊಂಡೇ ಕೂತುಬಿಡುತ್ತದೆ. ಕಾರ್ಬಪೆನೆಂ ಕೊನೆಯ ಸಾಲಿನ ಔಷಧವಾಗಿ ಉಳಿದದ್ದು ಹೀಗೆ.

ಎನ್‌ಡಿಎಂ-1ಕ್ಕೆ ಆ ಅಡ್ಡಿ ಲೆಕ್ಕಕ್ಕಿಲ್ಲ. ಅದು ಔಷಧಕ್ಕೆ ಅಂಟಿಕೊಳ್ಳುವುದೇ ಇಲ್ಲ. ಸತು 1 ಉಂಗುರದ ಕಾರ್ಬೊನಿಲ್ ಆಮ್ಲಜನಕವನ್ನು ಎಳೆದು ಹಿಡಿಯುತ್ತದೆ. ಸತು 2 ಮತ್ತು ಲೈಸಿನ್ 211 ಕಾರ್ಬಾಕ್ಸಿಲೇಟನ್ನು ಹಿಡಿಯುತ್ತವೆ. ಮೊದಲೇ ಸಿದ್ಧವಿರುವ ಹೈಡ್ರಾಕ್ಸೈಡ್ ನೇರವಾಗಿ ಕಾರ್ಬೊನಿಲ್ ಇಂಗಾಲದ ಮೇಲೆ ದಾಳಿ ಮಾಡುತ್ತದೆ. ಇಂಗಾಲ–ಸಾರಜನಕ ಬಂಧ ಕಡಿಯುತ್ತದೆ. ಋಣ ಆವೇಶ ಹೊತ್ತ ಸಾರಜನಕಕ್ಕೆ ಸತು 2 ಆಸರೆ ಕೊಡುತ್ತದೆ. ಒಂದು ಪ್ರೋಟಾನು ಬಂದು ಸೇರಿದರೆ ಮುಗಿಯಿತು. ಬಿಗಿದ ಬಿಲ್ಲು ಸಡಿಲಾಯಿತು, ಔಷಧ ಸತ್ತಿತು, ಕಿಣ್ವ ಇನ್ನೊಂದು ಅಣುವಿಗೆ ಸಿದ್ಧ.

ಐದು ಅಂಕದ ಉತ್ತರದ ತಿರುಳು ಒಂದೇ ವಾಕ್ಯ: ಲೋಹ ಕಿಣ್ವದಲ್ಲಿ ಅಸೈಲ್-ಕಿಣ್ವ ಮಧ್ಯಂತರ ಇಲ್ಲ.

ಗೊಬ್ಬರದ ಅಂಗಡಿಯ ಪೊಟ್ಟಣ

ಮಲಪ್ರಭಾ ಕಾಲುವೆ ನೀರುಣ್ಣುವ ನಮ್ಮ ಕಡೆಯ ಎರೆಹೊಲದಲ್ಲಿ ಗೋವಿನಜೋಳ ಬಿತ್ತಿದವರಿಗೆ ಸತುವಿನ ಕೊರತೆ ಗೊತ್ತು. ಎಲೆಯ ನಡುನರದ ಎರಡೂ ಬದಿ ಬಿಳಿಪಟ್ಟೆ ಬೀಳುತ್ತದೆ. ಗೊಬ್ಬರದ ಅಂಗಡಿಗೆ ಹೋದರೆ ಜಿಂಕ್ ಇಡಿಟಿಎ 12% ಎಂದು ಬರೆದ ಬಿಳಿ ಪುಡಿಯ ಪೊಟ್ಟಣ ಕೊಡುತ್ತಾರೆ.

ಇಡಿಟಿಎ ಎಂಬ ಅಣು ಲೋಹದ ಅಯಾನನ್ನು ಆರು ಕಡೆಯಿಂದ ತಬ್ಬಿ ಹಿಡಿಯುತ್ತದೆ, ಏಡಿ ಕೊಂಡಿಯಲ್ಲಿ ಹಿಡಿದಂತೆ. ಎನ್‌ಡಿಎಂ ಇರುವ ಕೊಳವೆಗೆ ಇಡಿಟಿಎ ಹಾಕಿದರೆ ಅದು ಕಿಣ್ವದ ಸತುವನ್ನು ಕಸಿಯುತ್ತದೆ. ಸತು ಹೋದರೆ ಹೈಡ್ರಾಕ್ಸೈಡ್ ಹೋಯಿತು, ಕತ್ತರಿಯ ಅಲಗೇ ಹೋಯಿತು.

ತರಗತಿಯಲ್ಲಿ ಇದನ್ನು ಹೇಳಿದ ಮಾರನೇ ದಿನ ರೈತರ ಮನೆಯ ಹುಡುಗಿಯೊಬ್ಬಳು ಆ ಖಾಲಿ ಪೊಟ್ಟಣವನ್ನೇ ತಂದು ಮೇಜಿನ ಮೇಲಿಟ್ಟಳು. “ಸರ, ಬೆಳಿಗೆ ಸತು ಕೊಡೂದೂ ಇಡಿಟಿಎ, ಲ್ಯಾಬಿನ್ಯಾಗ ಸತು ಕಸಗೊಳ್ಳೂದೂ ಇಡಿಟಿಎ. ಎರಡೂ ಹೆಂಗ ಖರೆ ಆಗ್ತಾವ್ರಿ?” ನಾನು ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೊಂದು. ಉತ್ತರ ಹೀಗೆ. ಪೊಟ್ಟಣದ ಇಡಿಟಿಎ ಆಗಲೇ ಸತುವನ್ನು ತಬ್ಬಿಕೊಂಡಿದೆ, ಅದರ ಕೈ ಖಾಲಿ ಇಲ್ಲ. ಎರೆಮಣ್ಣಿನ ಕ್ಷಾರದಲ್ಲಿ ಸತು ಗಟ್ಟಿಯಾಗಿ ಕೂತುಬಿಡದಂತೆ ಅದನ್ನು ಕರಗಿದ ಸ್ಥಿತಿಯಲ್ಲೇ ಬೇರಿನ ತನಕ ಒಯ್ಯುವುದು ಅದರ ಕೆಲಸ. ಪ್ರಯೋಗಾಲಯದಲ್ಲಿ ಹಾಕುವುದು ಸತು ಇಲ್ಲದ, ಕೈ ಖಾಲಿ ಇರುವ ಇಡಿಟಿಎ. ಅದು ಎದುರು ಸಿಕ್ಕ ಸತುವನ್ನು ಹಿಡಿಯುತ್ತದೆ.

ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದ ಪರೀಕ್ಷೆಯೊಂದು ಈ ತತ್ವದ ಮೇಲೆ ನಿಂತಿದೆ. ಎರಡು ಕೊಳವೆಗಳಲ್ಲಿ ರೋಗಿಯ ಮಾದರಿಯಿಂದ ಬೆಳೆಸಿದ ಬ್ಯಾಕ್ಟೀರಿಯಾ, ಒಂದೊಂದು ಕೊಳವೆಗೆ 10 ಮೈಕ್ರೊಗ್ರಾಂ ಮೆರೊಪೆನೆಂ ಬಿಲ್ಲೆ. ಒಂದರಲ್ಲಿ ಮಾತ್ರ ಇಡಿಟಿಎ. 4 ಗಂಟೆ ಕಾವು ಕೊಟ್ಟ ಮೇಲೆ ಬಿಲ್ಲೆಗಳನ್ನು ತೆಗೆದು, ಔಷಧಕ್ಕೆ ಸಾಯುವ ಸಾದಾ ಇ. ಕೋಲೈ ಹರಡಿದ ತಟ್ಟೆಯ ಮೇಲೆ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತಲಿನ ಖಾಲಿ ವೃತ್ತ ಅಳೆಯುತ್ತಾರೆ. ಇಡಿಟಿಎ ಇಲ್ಲದ ಬಿಲ್ಲೆಯ ಸುತ್ತ 6ರಿಂದ 15 ಮಿ.ಮೀ. ಇದ್ದರೆ ಮೆರೊಪೆನೆಂ ಮುರಿದುಹೋಗಿದೆ, ಕಾರ್ಬಪೆನಿಮೇಸ್ ಇದೆ ಎಂದರ್ಥ. ಇಡಿಟಿಎ ಸೇರಿಸಿದ ಬಿಲ್ಲೆಯ ವೃತ್ತ ಅದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ಅಗಲವಾಗಿದ್ದರೆ ಕಳ್ಳ ಲೋಹದ ಕಿಣ್ವವೇ. ಪರೀಕ್ಷೆಯ ಹೆಸರು ಇಸಿಮ್, ಅದರ ಜೋಡಿ ಎಂಸಿಮ್.

ಇಡಿಟಿಎಯನ್ನೇ ರೋಗಿಗೆ ಔಷಧವಾಗಿ ಕೊಡಬಾರದೇಕೆ ಎಂದೂ ಕೇಳುತ್ತಾರೆ. ನಮ್ಮ ದೇಹದ ಎಷ್ಟೋ ಕಿಣ್ವಗಳಿಗೆ ಸತು ಬೇಕು, ಕ್ಯಾಲ್ಸಿಯಂ ಇಲ್ಲದೆ ಹೃದಯ ನಡೆಯದು. ಇಡಿಟಿಎಗೆ ನಮ್ಮದು, ಶತ್ರುವಿನದು ಎಂಬ ಭೇದವಿಲ್ಲ. 2014ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ಮಣ್ಣಿನ ಶಿಲೀಂಧ್ರವೊಂದರಿಂದ ಆಸ್ಪರ್ಜಿಲೊಮರಾಸ್ಮಿನ್-ಎ ಎಂಬ ವಸ್ತು ಪಡೆದು ತೋರಿಸಿತು. ಅದೂ ಎನ್‌ಡಿಎಂನ ಸತುವನ್ನು ಕಸಿದು ಮೆರೊಪೆನೆಂಗೆ ಮತ್ತೆ ಜೀವ ಕೊಡುತ್ತದೆ. ಇಲಿಗಳಲ್ಲಿ ಅದು ಫಲ ಕೊಟ್ಟಿತು.

ಕೊಬ್ಬಿನ ಗೂಟ

ಇದು ಬಹಳ ಜನ ಬಿಟ್ಟುಬಿಡುವ ಅಂಶ. ಐಎಂಪಿ, ವಿಐಎಂ ಕಿಣ್ವಗಳು ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಜಾಗದಲ್ಲಿ ತೇಲುತ್ತವೆ. ಎನ್‌ಡಿಎಂ-1 ತೇಲುವುದಿಲ್ಲ. ಅದರ 26ನೇ ಸಿಸ್ಟೀನ್‌ಗೆ ಕೊಬ್ಬಿನ ಎಳೆ ಹೊಸೆದುಕೊಂಡು ಹೊರಪೊರೆಯ ಒಳಮೈಗೆ, ಗೂಟಕ್ಕೆ ಕಟ್ಟಿದ ದನದ ಹಾಗೆ, ಕಟ್ಟಿಕೊಂಡಿರುತ್ತದೆ.

ಇದರಿಂದ ಎರಡು ಲಾಭ. ಸೋಂಕಾದಾಗ ನಮ್ಮ ಬಿಳಿರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಸುರಿದು ಅಲ್ಲಿನ ಸತುವನ್ನು ಬಚ್ಚಿಡುತ್ತವೆ. ಸತು ಸಿಗದ ಲೋಹ ಕಿಣ್ವಗಳು ಕೊಳೆತು ಹೋಗುತ್ತವೆ. ಪೊರೆಗೆ ಕಟ್ಟಿಕೊಂಡ ಎನ್‌ಡಿಎಂ ಸತುವಿನ ಬರದಲ್ಲೂ ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ಎರಡನೆಯದು, ಹೊರಪೊರೆ ಚಿಕ್ಕ ಗುಳ್ಳೆಗಳಾಗಿ ಚಿಗುರಿ ಉದುರುವಾಗ ಕಿಣ್ವವೂ ಅದರೊಂದಿಗೆ ಹೊರಗೆ ಹೋಗುತ್ತದೆ. ಪಕ್ಕದ, ಕಿಣ್ವವೇ ಇಲ್ಲದ ಬ್ಯಾಕ್ಟೀರಿಯಾಗಳೂ ಆ ಆಸರೆಯಲ್ಲಿ ಬದುಕುತ್ತವೆ.

ರೂಪಾಂತರಗಳೂ ಇದೇ ಮಾತನ್ನು ಹೇಳುತ್ತವೆ. ಎನ್‌ಡಿಎಂ-4ರಲ್ಲಿ 154ನೇ ಮೆಥಿಯೊನಿನ್ ಹೋಗಿ ಲ್ಯೂಸಿನ್ ಬಂದಿದೆ. ಎನ್‌ಡಿಎಂ-5ರಲ್ಲಿ ಅದರ ಜತೆಗೆ 88ನೇ ವ್ಯಾಲಿನ್ ಕೂಡ ಲ್ಯೂಸಿನ್ ಆಗಿದೆ. 154ರ ಬದಲಾವಣೆ ಸತುವಿನ ಹಿಡಿತವನ್ನು ಬಲಪಡಿಸುತ್ತದೆ. ನಾವು ಸತುವನ್ನು ಅಡಗಿಸಿಟ್ಟಷ್ಟೂ ಕಿಣ್ವ ಅದನ್ನು ಬಿಗಿಯಾಗಿ ಹಿಡಿಯುವುದನ್ನು ಕಲಿಯುತ್ತಿದೆ.

ಯಾವ ಔಷಧಕ್ಕೆ ಏನು ಗತಿ

ಪೆನಿಸಿಲಿನ್‌ಗಳು, ಸೆಫಲೊಸ್ಪೊರಿನ್‌ಗಳು, ಕಾರ್ಬಪೆನೆಂಗಳು: ಮುರಿಯುತ್ತವೆ.

ಕ್ಲಾವುಲನಿಕ್ ಆಮ್ಲ, ಟ್ಯಾಜೊಬ್ಯಾಕ್ಟಮ್, ಅವಿಬ್ಯಾಕ್ಟಮ್: ಇವು ತಡೆಗಾರ ಔಷಧಗಳು, ಸೆರಿನ್‌ಗೆ ಅಂಟಿ ಕಿಣ್ವದ ಬಾಯಿ ಕಟ್ಟುತ್ತವೆ. ಎನ್‌ಡಿಎಂನ ಕೊರಕಲಿನಲ್ಲಿ ಕೆಲಸಗಾರ ಸೆರಿನ್ ಇಲ್ಲ, ಅಂಟಲು ಜಾಗವೇ ಇಲ್ಲ. ಆದ್ದರಿಂದ ನಿಷ್ಫಲ.

ಅಜ್ಟ್ರಿಯೊನಾಮ್: ಒಂಟಿ ಉಂಗುರದ ಮೊನೊಬ್ಯಾಕ್ಟಮ್. ಎನ್‌ಡಿಎಂನ ಕೊರಕಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಉಳಿದುಕೊಳ್ಳುತ್ತದೆ. ಆದರೆ ಎನ್‌ಡಿಎಂ ಹೊತ್ತ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ಸೆರಿನ್ ಕಿಣ್ವಗಳನ್ನೂ ಜತೆಗಿಟ್ಟುಕೊಂಡಿರುತ್ತದೆ, ಅವು ಅಜ್ಟ್ರಿಯೊನಾಮನ್ನು ತಿನ್ನುತ್ತವೆ. ಹೀಗಾಗಿ ಅಜ್ಟ್ರಿಯೊನಾಮ್ ಜತೆ ಅವಿಬ್ಯಾಕ್ಟಮ್ ಕೊಡುತ್ತಾರೆ. ಲೋಹದ ಕಿಣ್ವದಿಂದ ಮೊದಲನೆಯದು ತಾನೇ ತಪ್ಪಿಸಿಕೊಳ್ಳುತ್ತದೆ, ಸೆರಿನ್ ಕಿಣ್ವಗಳಿಂದ ಅದನ್ನು ಎರಡನೆಯದು ಕಾಯುತ್ತದೆ. ಈ ಜೋಡಿಗೆ ಯುರೋಪಿನ ಒಪ್ಪಿಗೆ 2024ರಲ್ಲಿ, ಅಮೆರಿಕದ ಒಪ್ಪಿಗೆ 2025ರ ಫೆಬ್ರುವರಿಯಲ್ಲಿ ಸಿಕ್ಕಿತು. “ಎನ್‌ಡಿಎಂ ಮೇಲೆ ಅವಿಬ್ಯಾಕ್ಟಮ್ ನಡೆಯದಿದ್ದರೂ ಅದನ್ನೇಕೆ ಸೇರಿಸುತ್ತಾರೆ?” ಎಂಬ ಪ್ರಶ್ನೆ ಬಂದರೆ ಉತ್ತರ ಇಲ್ಲಿದೆ.

ಬೆಂಗಳೂರಿನ ಕೊಂಡಿ

ಪೆನಿಸಿಲಿನ್‌ನಲ್ಲಿ ನಿಜಕ್ಕೂ ನಾಲ್ಕು ಪರಮಾಣುಗಳ ಉಂಗುರವಿದೆ ಎಂದು ಕ್ಷ-ಕಿರಣ ಸ್ಫಟಿಕಶಾಸ್ತ್ರದಿಂದ 1945ರಲ್ಲಿ ತೋರಿಸಿದವರು ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್. ಅಷ್ಟು ಬಿಗಿದ ಉಂಗುರ ಇರಲಾರದೆಂದು ದೊಡ್ಡ ರಸಾಯನಶಾಸ್ತ್ರಜ್ಞರೇ ವಾದಿಸುತ್ತಿದ್ದ ಕಾಲ ಅದು. ಹಾಡ್ಜ್‌ಕಿನ್ ಅವರಿಗೆ 1964ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿದ ಎಂ. ವಿಜಯನ್ ಇದೇ ಹಾಡ್ಜ್‌ಕಿನ್ ಬಳಿ ಹೋಗಿ ಇನ್ಸುಲಿನ್ ರಚನೆ ಬಿಡಿಸುವ ತಂಡದಲ್ಲಿ ದುಡಿದರು. 1971ರಲ್ಲಿ ಮರಳಿ ಬಂದು ಭಾರತದಲ್ಲಿ ಪ್ರೋಟೀನ್ ಸ್ಫಟಿಕಶಾಸ್ತ್ರಕ್ಕೆ ತಳಪಾಯ ಹಾಕಿದರು. 2022ರಲ್ಲಿ ತೀರಿಕೊಂಡರು. ಅದೇ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗ ಕಟ್ಟಿದವರು ಜಿ. ಎನ್. ರಾಮಚಂದ್ರನ್. 1963ರ ರಾಮಚಂದ್ರನ್ ನಕ್ಷೆ ಅವರದು, ಮದ್ರಾಸಿನಲ್ಲಿದ್ದಾಗಿನ ಕೆಲಸ. ಎನ್‌ಡಿಎಂ-1 ಸೇರಿದಂತೆ ಇಂದು ಯಾವ ಪ್ರೋಟೀನ್ ರಚನೆ ಪ್ರಕಟವಾದರೂ ಅದರ ಬೆನ್ನೆಲುಬಿನ ಕೋನಗಳು ಆ ನಕ್ಷೆಯ ಮೇಲೆ ಪರೀಕ್ಷೆಗೆ ಒಳಗಾಗುತ್ತವೆ.

ನೇರವಾಗಿ ಎನ್‌ಡಿಎಂ-1ಕ್ಕೆ ಸಂಬಂಧಪಟ್ಟ ಕರ್ನಾಟಕದ ಕೆಲಸ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದು. ಅಲ್ಲಿನ ಜಯಂತ ಹಲ್ದರ್ ತಂಡ ವ್ಯಾಂಕೊಮೈಸಿನ್ ಅಣುವಿಗೆ ಸತುವನ್ನು ಹಿಡಿಯಬಲ್ಲ ಡೈಪಿಕೊಲಿಲ್ ಗುಂಪೊಂದನ್ನು ಜೋಡಿಸಿತು. ಇದನ್ನು ಮೆರೊಪೆನೆಂ ಜತೆ ಕೊಟ್ಟಾಗ ಎನ್‌ಡಿಎಂ-1 ಇರುವ ಗ್ರಾಂ-ಋಣ ಬ್ಯಾಕ್ಟೀರಿಯಾಗಳ ಮೇಲೆ ಮೆರೊಪೆನೆಂ ಮತ್ತೆ ಕೆಲಸ ಮಾಡಿತು ಎಂದು 2018ರಲ್ಲಿ ಪ್ರಕಟಿಸಿತು. ಪೊಟ್ಟಣದ ಪಾಠವೇ ಇದು. ಖಾಲಿ ಕೈಯನ್ನು ಒಂದು ಔಷಧಕ್ಕೆ ಹೊಲಿದು ಕಳಿಸಿದ್ದಾರೆ.

ನೀರಿನ ದಾರಿ

ಎನ್‌ಡಿಎಂ ಜೀನ್ ಕೂತಿರುವುದು ಹೆಚ್ಚಾಗಿ ಪ್ಲಾಸ್ಮಿಡ್ ಮೇಲೆ, ಅಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಬೇರೆ ಜಾತಿಗೂ, ದಾಟಿಸಬಲ್ಲ ಡಿಎನ್‌ಎ ಉಂಗುರದ ಮೇಲೆ. ಜೀನ್ ಕೂಡ ಕಸಿ ಮಾಡಿದ್ದೇ: ಕಿಣ್ವದ ಮೊದಲ 6 ಅಮೈನೊ ಆಮ್ಲಗಳು ಅಮಿಕಾಸಿನ್ ನಿರೋಧಕ ಜೀನೊಂದರಿಂದ ಬಂದವು.

2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಕುಡಿಯುವ ನೀರಿನ 50 ಮಾದರಿಗಳಲ್ಲಿ 2ರಲ್ಲಿ, ರಸ್ತೆ-ಗಟಾರದ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಈ ಜೀನ್ ಸಿಕ್ಕಿತು. ಪ್ಲಾಸ್ಮಿಡ್ ವರ್ಗಾವಣೆ 25 ಅಥವಾ 37 ಡಿಗ್ರಿಗಿಂತ 30 ಡಿಗ್ರಿಯಲ್ಲಿ ಹೆಚ್ಚು ಎಂಬುದೂ ಆ ಅಧ್ಯಯನದ ಮಾತು. 30 ಡಿಗ್ರಿ ನಮ್ಮ ಬಯಲುಸೀಮೆಯ ನೀರಿಗೆ ಅಪರೂಪದ ಬಿಸಿಯಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಲಖಮಾಪುರ, ವಾಸನ ನೀರಿಗೆ ಸಿಕ್ಕಾಗ ಗಟಾರು, ಶೌಚಗುಂಡಿ, ಹೊಳೆ ಎಲ್ಲದರ ನೀರು ಒಂದಾದದ್ದನ್ನು ಕಂಡವರಿಗೆ, ಪ್ರತಿರೋಧ ಹರಡುವುದನ್ನು ತಡೆಯಲು ಔಷಧಿ ಅಂಗಡಿಯಷ್ಟೇ ಒಳಚರಂಡಿಯೂ ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಉತ್ತರದಲ್ಲಿ ಮಾತ್ರ ಬಿಡಿಸಿ ಬರೆಯಿರಿ.

ಕೆಎಎಸ್ ಮಕ್ಕಳಿಗೆ ಬೇಗ ಬೇಗ

ಶೆಡ್ಯೂಲ್ ಎಚ್1 ಜಾರಿ: 2014ರ ಮಾರ್ಚ್ 1. ಕಾರ್ಬಪೆನೆಂಗಳು, ಮೂರನೇ ಪೀಳಿಗೆಯ ಸೆಫಲೊಸ್ಪೊರಿನ್‌ಗಳು ಇದರಲ್ಲಿವೆ. ವೈದ್ಯರ ಚೀಟಿ ಬೇಕು, ಅಂಗಡಿಯವರು ಪ್ರತ್ಯೇಕ ದಾಖಲೆ ಇಡಬೇಕು. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಅಭಿಯಾನ: 2016. ಪ್ರತಿಜೈವಿಕ ಪ್ರತಿರೋಧ ಕುರಿತ ಮೊದಲ ರಾಷ್ಟ್ರೀಯ ಕ್ರಿಯಾಯೋಜನೆ: 2017–2021. ಜಾನುವಾರು, ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ನಿಷೇಧ: 2019ರ ಜುಲೈ. ವಿಶ್ವ ಜಾಗೃತಿ ಸಪ್ತಾಹ: ನವೆಂಬರ್ 18ರಿಂದ 24. ಪ್ರತಿರೋಧಿ ಬ್ಯಾಕ್ಟೀರಿಯಾಗಳೇ ನೇರ ಕಾರಣವಾದ ಸಾವುಗಳು, ಜಗತ್ತಿನಾದ್ಯಂತ, 2019ರಲ್ಲಿ: 12.7 ಲಕ್ಷ ಎಂಬ ಅಂದಾಜು. ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್, ಬೆಂಗಳೂರು: ಸ್ಥಾಪನೆ 1981.

ಚಿತ್ರ ಬರೆಯುವಾಗ

ಚಿತ್ರ ಬರೆಯದೆ ಈ ಉತ್ತರ ಮುಗಿಸಬೇಡಿ. ಎರಡು ಚಿಕ್ಕ ವೃತ್ತ, ಸತು 1 ಮತ್ತು ಸತು 2. ಎಡಕ್ಕೆ ಮೂರು ಹಿಸ್ಟಿಡಿನ್, ಬಲಕ್ಕೆ ಆಸ್ಪಾರ್ಟಿಕ್, ಸಿಸ್ಟೀನ್, ಹಿಸ್ಟಿಡಿನ್, ಸಂಖ್ಯೆ ಸಮೇತ. ಮೇಲೆ ಔಷಧದ ಚೌಕ ಉಂಗುರ, ಅದರ ಕಾರ್ಬಾಕ್ಸಿಲೇಟ್ ಹಿಡಿದ ಲೈಸಿನ್ 211. ನಾನು ತಿದ್ದಿದ ಮಾದರಿ ಉತ್ತರಗಳಲ್ಲಿ ಇಷ್ಟನ್ನು ಬಹಳ ಮಕ್ಕಳು ಚೊಕ್ಕವಾಗಿ ಬರೆದಿದ್ದರು, ಆದರೆ ಎರಡು ಸತುಗಳ ನಡುವಿನ ಹೈಡ್ರಾಕ್ಸೈಡನ್ನು ಬಿಟ್ಟಿದ್ದರು. ಉಂಗುರವನ್ನು ಕತ್ತರಿಸುವುದು ಅದೇ. ಮೊದಲು ಅದನ್ನು ಬರೆಯಿರಿ, ಉಳಿದದ್ದನ್ನು ಅದರ ಸುತ್ತ ಬರೆಯಿರಿ.